ಓಟ ಮುಗಿದ ಮೇಲೆ

ಕೊಚ್ಚಿಗೆ ಬಂದ ಹೊಸತರಲ್ಲಿ ನಾನು ಕಲಿತ ಮಲಯಾಳಂ ಪದಗಳಲ್ಲಿ ‘ಕಂಜಾವ್’ ಒಂದು. ಬೇರೇನಲ್ಲ, ನಮ್ಮ ಗಾಂಜಾವೇ! ಇಲ್ಲಿನ ಪೇಪರುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪದ.

ಕಲೂರು ಸ್ಟೇಡಿಯಂ ಬಳಿ ವಾಕಿಂಗ್‌ನಲ್ಲಿ ಪರಿಚಯವಾದ ಚೇಟ್ಟನ್ ಒಂದು ಕಾಲದ ಓಟಗಾರರು. ತಿರುವನಂತಪುರದಲ್ಲಿ ತರಬೇತಿ ಪಡೆದವರು, ಮೊಣಕಾಲು ಕೈಕೊಟ್ಟು ಟ್ರ್ಯಾಕ್ ಬಿಟ್ಟವರು. ಅವರಿಗೊಮ್ಮೆ ಕೆನಡಾದ ರಾಸ್ ರೆಬಗ್ಲಿಯಾಟಿಯ ಕತೆ ಹೇಳಿದೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಚಿನ್ನ ಗೆದ್ದವನು. ಮೈಯಲ್ಲಿ ಗಾಂಜಾ ಅಂಶ ಸಿಕ್ಕಿತೆಂದು ಪದಕ ಕಿತ್ತುಕೊಂಡರು. ಆಗದು ನಿಷೇಧದ ಪಟ್ಟಿಯಲ್ಲೇ ಇರಲಿಲ್ಲವೆಂದು ವಾಪಸ್ ಕೊಟ್ಟರು. 2013ರಲ್ಲಿ ಅವನು ಔಷಧಿ ಗಾಂಜಾದ ವ್ಯಾಪಾರಕ್ಕೇ ಇಳಿದ. ಕಂಪನಿಯ ಹೆಸರು ‘ರಾಸ್ ಗೋಲ್ಡ್’!

ಚೇಟ್ಟನ್ ನಕ್ಕರು. “ಇಲ್ಲಾದರೆ ನೇರ ಪೂಜಪ್ಪುರ ಜೈಲು, ಮೋನೇ!”

ನಿಜವೇ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂತುದಿಯನ್ನು. ಅದರಿಂದ ಬೇರ್ಪಟ್ಟ ಬೀಜ, ಎಲೆಗಳನ್ನಲ್ಲ. ನಶೆ ಕಡಿಮೆಯಿರುವ ತಳಿ ಬೆಳೆಯಲು ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಟ್ಟಿತು. ಬೀಜವನ್ನು ಆಹಾರವಾಗಿ ಮಾರಲು 2021ರಲ್ಲಿ ಕೇಂದ್ರದ ಒಪ್ಪಿಗೆಯೂ ಸಿಕ್ಕಿತು.

ಇಷ್ಟೆಲ್ಲ ವಿವರಿಸಿದರೆ ಚೇಟ್ಟನ್ ಕೇಳಿದ್ದೇ ಬೇರೆ: “ಅವನಿಗೆ ಚಿನ್ನ ಇತ್ತು, ಅಂಗಡಿಗೆ ಹೆಸರಾಯ್ತು. ನಾಲ್ಕನೆಯವರಾಗಿ ಓಡಿದವರು, ಕೋಟಾದ ನೌಕರಿಯೂ ಸಿಗದವರು, ಬೋರ್ಡಿನ ಮೇಲೆ ಏನು ಬರೆಸಬೇಕು?”

ನನ್ನ ಮಲಯಾಳಂ ಅಲ್ಲಿಗೇ ನಿಂತಿತು. ಕನ್ನಡದಲ್ಲೂ ಉತ್ತರವಿರಲಿಲ್ಲ.