ಈಜು ಬಾರದ ಅಂಬಿಗ

ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ವಚನಗಳನ್ನು ಎಂಟು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತ ಬಂದಿರುವ ನನಗೆ ಈಜು ಬಾರದು. ಈ ಸಂಗತಿಯನ್ನು ಇಷ್ಟು ಕಾಲವೂ ಶಿಷ್ಯವೃಂದದಿಂದ ಜೋಪಾನವಾಗಿ ಬಚ್ಚಿಟ್ಟಿದ್ದೆ. ಕಪ್ಪು ಹಲಗೆಯ ಮುಂದೆ ನಿಂತು ನಿತ್ಯವೂ ಭವಸಾಗರವನ್ನು ದಾಟಿಸುವ ಮಹಾನುಭಾವನಿಗೆ ಮೊಳಕಾಲುದ್ದದ ನೀರು ಕಂಡರೆ ಎದೆ ನಡುಗುತ್ತದೆಂದು ಯಾರಿಗೆ ತಾನೆ ಅನುಮಾನ ಬಂದೀತು?

ಗುಟ್ಟು ರಟ್ಟಾದುದು ೨೦೨೪ರ ಬೇಸಗೆಯ ರಜೆಯಲ್ಲಿ. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಎರೆಭೂಮಿ ಬಾಯಿಬಿಟ್ಟು ಮಲಗಿತ್ತು. ಒಳಗೆ ನಾನು ಒಗ್ಗರಣೆ ಮಿರ್ಚಿ ತಿಂದ ಸುಖದಲ್ಲಿ ಕಾಲು ಚಾಚಿದ್ದೆ. ಆಗ ಹತ್ತನೆಯ ತರಗತಿಗೆ ಕಾಲಿಡಲಿದ್ದ ಅಳಿಯ ತನ್ನ ಬಳಗದೊಡನೆ ಬಂದು ಎದುರಿಗೆ ಸಾಲಾಗಿ ಕುಳಿತ. ಐವರು ಹುಡುಗರು, ಇಬ್ಬರು ಹುಡುಗಿಯರು. ಇಬ್ಬರಲ್ಲಿ ಒಬ್ಬಳು ಅವನ ಅಕ್ಕ. ದಾಂಡೇಲಿಯ ಕಾಳೀ ನದಿಯಲ್ಲಿ ಕಯಾಕ್ ಎಂಬ ಕಿರುದೋಣಿಗಳನ್ನು ಅವರು ಶಾಲೆಯ ಪ್ರವಾಸದಲ್ಲಿ ಕಂಡು ಬಂದಿದ್ದರಂತೆ. ಈಗ ದಸರೆಯ ರಜೆಯಲ್ಲಿ ಕಂಪ್ಲಿಯಿಂದ ಸಿರುಗುಪ್ಪದವರೆಗೆ ತುಂಗಭದ್ರೆಯ ಮೇಲೆ ಮೂರು ದಿನ ತೇಲಿಕೊಂಡು ಬರುವುದು, ರಾತ್ರಿ ದಡದಲ್ಲಿ ಡೇರೆ ಹಾಕುವುದು. ಇದು ಅವರ ಸಂಕಲ್ಪ.

"ದೊಡ್ಡೋರೊಬ್ಬರು ಇರಬೇಕಂತ ಎಲ್ಲರ ಮನ್ಯಾಗೂ ಅಂದಾರ, ಮಾಮಾ. ನೀನು ಬಾ" ಎಂದ ಅಳಿಯ.

ಮೇಷ್ಟರಾದವರಿಗೆ ಒಂದು ದೌರ್ಬಲ್ಯವಿದೆ. ಏಳು ಜೊತೆ ಕಣ್ಣುಗಳು ನಂಬಿಕೆಯಿಂದ ನೋಡಿದರೆ "ನನಗೆ ಬಾರದು" ಎಂಬ ಎರಡು ಪದಗಳು ನಾಲಗೆಗೆ ಬರುವುದಿಲ್ಲ. ಒಪ್ಪಿಕೊಂಡೆ.

ಅಡಿಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಕ್ಕ ಮಕ್ಕಳು ಹೋದ ಮೇಲೆ ಹೊರಗೆ ಬಂದಳು. "ನೀನು ಕರ್ಕೊಂಡು ಹೋಗ್ತಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ ತಮ್ಮಾ. ಆದ್ರ ಏಳು ಮಂದಿ ಹೋದೋರು ಏಳು ಮಂದಿ ಬರಬೇಕು" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಿದ್ರೆ ಬಾರದವನು ಯೋಜನೆ ಹಾಕುತ್ತಾನೆ. ಬಳ್ಳಾರಿಗೆ ಮರಳಿದವನೇ ನಕ್ಷೆಯನ್ನು ಹರಡಿಕೊಂಡು, ಹೊಳೆಯ ತಿರುವುಗಳ ಮೇಲೆ ದಾರವಿಟ್ಟು ಅಳೆದೆ. ಬೆಳಗಿನಿಂದ ಮೂರನೆಯ ಪ್ರಹರದವರೆಗೆ ನೀರಿನಲ್ಲಿ, ಬೆಳಕಿರುವಾಗಲೇ ಡೇರೆ. ಹೀಗೆ ದಿನಗಳನ್ನು ಹಂಚಿದೆ. ನಡುದಾರಿಯಲ್ಲಿ ಉಡೇಗೋಳ ಮತ್ತು ನಿಟ್ಟೂರುಗಳಲ್ಲಿ ಇಳಿಯುವುದೆಂದು ನಿಶ್ಚಯಿಸಿದಾಗ ಮಾತ್ರ ನನ್ನೊಳಗಿನ ಕನ್ನಡ ಎಂ.ಎ. ಹಿಗ್ಗಿದ. ಈ ಎರಡು ಊರುಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. ಆ ಚಕ್ರವರ್ತಿಯ ಬಹುತೇಕ ಶಾಸನಗಳಲ್ಲಿ ಅವನ ಸ್ವಂತ ಹೆಸರಿಲ್ಲ, 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ 'ಅಶೋಕ' ಎಂಬ ಹೆಸರೇ ಇರುವ ಶಾಸನ ದೊರೆತಾಗ ವಿದ್ವಾಂಸರ ಸಂದೇಹ ಕಳೆಯಿತು. ಅನಂತರ ಆ ಹೆಸರನ್ನು ತೋರಿಸಿದ ಬೆರಳೆಣಿಕೆಯ ಬಂಡೆಗಳಲ್ಲಿ ನಿಟ್ಟೂರು, ಉಡೇಗೋಳದವೂ ಸೇರಿವೆ. ನಮ್ಮ ಭತ್ತದ ಗದ್ದೆಗಳ ಮಗ್ಗುಲಲ್ಲಿ ಇಂಥ ನಿಧಿಯಿರುವಾಗ ಹುಡುಗರಿಗೆ ಬರಿಯ ನೀರಾಟವೇಕೆ? (ಹುಡುಗರ ಅಭಿಪ್ರಾಯ ಬೇರೆಯಾಗಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.)

ಕಯಾಕ್‌ಗಳನ್ನು ದಾಂಡೇಲಿಯಿಂದ ತರಿಸುವ ಖರ್ಚು ಕೇಳಿ ನಾವೆಲ್ಲ ಮೌನ ತಾಳಿದೆವು. ಕೊನೆಗೆ ನಮ್ಮ ಹೊಳೆಗೆ ನಮ್ಮ ಹರಿಗೋಲೇ ಸರಿಯೆಂದು ತೀರ್ಮಾನವಾಯಿತು. ಹರಿಗೋಲು ಯಾವುದರಲ್ಲಿ ಕಡಿಮೆ? ಧ್ರುವಪ್ರದೇಶದ ಇನ್ಯುಯಿಟ್ ಜನ ಮರದ ಹಂದರಕ್ಕೆ ಸೀಲಿನ ತೊಗಲು ಹೊದಿಸಿ ಕಯಾಕ್ ಮಾಡಿದರು. ನಮ್ಮವರು ಬಿದಿರು ಹೆಣೆದು ದನದ ತೊಗಲು ಹೊದಿಸಿದರು. ಈಗ ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇವನ್ನು ಕಂಡು, ಬುಟ್ಟಿಯಂಥ ಈ ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆಂದೂ ಸದಾ ಸುತ್ತುತ್ತಲೇ ಸಾಗುತ್ತವೆಂದೂ ಬೆರಗುಪಟ್ಟು ಬರೆದಿದ್ದಾನೆ. ಕಯಾಕ್ ಬಾಣದಂತೆ ಹೋಗುತ್ತದೆ. ಹರಿಗೋಲು ಹರಟೆಯಂತೆ, ಸುತ್ತಿ ಸುತ್ತಿ ಹೇಗೋ ಆಚೆ ದಡ ಸೇರುತ್ತದೆ. ನನ್ನ ಸ್ವಭಾವಕ್ಕೆ ಎರಡನೆಯದೇ ಹಿತ.

ಜುಲೈ ತಿಂಗಳ ಒಂದು ಭಾನುವಾರ ಅಳಿಯನನ್ನು ಕರೆದುಕೊಂಡು ಕಂಪ್ಲಿಗೆ ಹೋದೆ. ಹರಿಗೋಲು ಹಾಕುತ್ತ ಮುದುಕರಾದ ಅಂಬಿಗರೊಬ್ಬರು ದಡದಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದರು. ನನ್ನ ಯೋಜನೆಯ ನಾಲ್ಕು ಹಾಳೆಗಳನ್ನು ಸ್ವರಭಾರ ಸಹಿತವಾಗಿ ಅವರಿಗೆ ಓದಿ ಹೇಳಿದೆ. ಅಜ್ಜ ತಲೆಯೆತ್ತದೆ ಕೇಳಿದರು: "ಮೇಷ್ಟ್ರೇ, ನಿಮಗ ಈಸು ಬರ್ತೈತೇನ್ರಿ?"

ನಾನು ಅಳಿಯನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಿದ. ಹೊಳೆಯ ಸದ್ದು ಬಹಳ ಹೊತ್ತು ಕೇಳಿಸಿತು.

"ಇಲ್ಲ, ಅಜ್ಜಾ."

ಅಜ್ಜ ನಗಲಿಲ್ಲ, ನಕ್ಕಿದ್ದರೆ ವಾಸಿಯಾಗಿತ್ತು. ನಕ್ಷೆಯನ್ನು ತೆಗೆದುಕೊಂಡು, ಮೊದಲ ರಾತ್ರಿಗೆಂದು ನಾನು ಕೆಂಪು ಶಾಯಿಯಲ್ಲಿ ಡೇರೆಯ ಚಿತ್ರ ಬರೆದಿದ್ದ ಜಾಗವನ್ನು ತೋರಿಸಲು ಹೇಳಿದರು. ಅದು ನಡುಹೊಳೆಯ ಮರಳದಿಬ್ಬ. ಬೆಳುದಿಂಗಳಿನಲ್ಲಿ ಅಲ್ಲಿ ಕುಳಿತು ಮಕ್ಕಳಿಗೆ ಕಥೆ ಹೇಳುವುದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. "ಹೊಳಿ ಈಗ ತನ್ನ ಮಾತು ತಾ ಕೇಳೂದಿಲ್ರಿ. ಮ್ಯಾಲಿನ ಡ್ಯಾಮಿನ ಗೇಟು ಹೇಳಿದಂಗ ಕೇಳ್ತೈತಿ. ಸಂಜೀಕ ಕಂಡ ಮಳಲು ಮುಂಜಾನಿಗೆ ಇರ್ತೈತಂತ ಯಾರು ಹೇಳ್ಯಾರ?" ಎಂದರು. ಮರಳು ತೆಗೆದ ಕಡೆ ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ಆಳುದ್ದವಾಗುತ್ತದೆ. ಪಂಪುಸೆಟ್ಟಿನ ಕೊಳವೆ, ಹಳೆಯ ಬಲೆಗಳು ಕಾಲಿಗೆ ತೊಡರುತ್ತವೆ. ಮೊಸಳೆ ಬಿಸಿಲು ಕಾಯಿಸುವ ದಡದಲ್ಲಿ ಅನ್ನ ಬೇಯಿಸಬಾರದು, ಮೀನಿನ ಮುಸುರೆ ಚೆಲ್ಲಬಾರದು. ಇವೊಂದೂ ನನ್ನ ನಾಲ್ಕು ಹಾಳೆಗಳಲ್ಲಿರಲಿಲ್ಲ. ಅಲ್ಲಿದ್ದುದು ಚುರುಮುರಿ ಎಷ್ಟು ಸೇರು, ಚಾಪೆ ಎಷ್ಟು, ಯಾವ ಸಂಜೆ ಯಾವ ಕವಿ ಎಂಬಿಷ್ಟು.

ಬಸ್ಸಿನಲ್ಲಿ ಅಳಿಯ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಮಾತ್ರ, "ಅವ್ವಗ ಹೇಳಂಗಿಲ್ಲ ಬಿಡು, ಮಾಮಾ" ಎಂದ. ಸಮಾಧಾನದ ಮಾತೇ ಸರಿ. ಆದರೆ ಅದನ್ನು ಕೇಳಿ ನನಗಾದ ನಾಚಿಕೆ ಇಷ್ಟಿಷ್ಟಲ್ಲ. ಮೂವತ್ತೈದು ದಾಟಿದವನ ಗುಟ್ಟನ್ನು ಹದಿನೈದರ ಹುಡುಗ ಕಾಯುವುದೆಂದರೇನು? ಮನೆ ಸೇರಿದೊಡನೆ ನಾನೇ ಅಕ್ಕನಿಗೆ ಹೇಳಿಬಿಟ್ಟೆ. "ಗೊತ್ತಿತ್ತು. ಸಣ್ಣಾವ ಇದ್ದಾಗ ಬಾವಿ ಕಟ್ಟಿಗೂ ಬರ್ತಿರಲಿಲ್ಲ ನೀನು. ಹೇಳ್ತಿಯೋ ಇಲ್ಲೋ ಅಂತ ನೋಡ್ತಿದ್ದೆ" ಎಂದಳು.

ಆದರೂ ನಾವು ಯೋಜನೆಯನ್ನು ಬಿಡಲಿಲ್ಲ, ತಿದ್ದಿದೆವು. ಡೇರೆಗಳು ಮರಳದಿಬ್ಬದಿಂದ ಎತ್ತರದ ದಡಕ್ಕೆ ಸ್ಥಳಾಂತರಗೊಂಡವು. ಚುರುಮುರಿಯ ಮೇಲೆ ತೇಲುಅಂಗಿ ಎಂಬ ಹೊಸ ಸಾಲು ಬಂದಿತು, ತಲೆಗೊಂದರಂತೆ.

ಅಷ್ಟರಲ್ಲಿ ಆಗಸ್ಟ್ ೧೦ರ ರಾತ್ರಿ ಬಂದಿತು. ೧೯೫೩ರಲ್ಲಿ ಕಟ್ಟಿ ಮುಗಿಸಿದ ಹೊಸಪೇಟೆಯ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಅದೊಂದೇ ಬಾಗಿಲಿನಿಂದ ಸುಮಾರು ೩೫,೦೦೦ ಕ್ಯೂಸೆಕ್ ನೀರು ನುಗ್ಗಿತು. ಅಣೆಕಟ್ಟಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನಿಳಿಸಿ ಆ ಬಾಗಿಲನ್ನು ತಾತ್ಕಾಲಿಕವಾಗಿ ಮುಚ್ಚುವಷ್ಟರಲ್ಲಿ ಒಂದು ವಾರ ಕಳೆಯಿತು. ನಮ್ಮ ಸೀಮೆಯ ರೈತರು ಆ ವಾರವೆಲ್ಲ ಬೆಳೆಯ ನೀರು ಹರಿದುಹೋಗುವುದನ್ನು ಲೆಕ್ಕ ಹಾಕುತ್ತ ಕುಳಿತಿದ್ದರು. ಪಿಕ್ನಿಕ್ಕಿನ ಮಾತೆತ್ತಲು ಯಾರಿಗೂ ಮುಖವಿರಲಿಲ್ಲ. ಎರಡನೆಯ ದಿನ ಕಂಪ್ಲಿಯ ಅಜ್ಜ ಮೊಮ್ಮಗನ ಕೈಯಲ್ಲಿ ಫೋನು ಮಾಡಿಸಿದರು: "ನಿಮ್ಮ ಡೇರೆ ಜಾಗ ಕಾಣವಲ್ದು, ಮೇಷ್ಟ್ರೇ."

ಹಳೆಯ ನಕ್ಷೆಯನ್ನು ತೆಗೆದು ಆ ಕೆಂಪು ಚಿತ್ರವನ್ನು ನೋಡಿದೆ. ಅದರ ಕೆಳಗೆ ನನ್ನದೇ ಅಂದವಾದ ಅಕ್ಷರಗಳಲ್ಲಿ 'ರಮ್ಯ ಸ್ಥಳ' ಎಂದಿತ್ತು.

ದಸರೆಗೆ ಹೋಗಲಿಲ್ಲ. ೨೦೨೫ರ ಬೇಸಗೆಯಲ್ಲಿ ಯಾತ್ರೆಯ ಬದಲು ಬಂಧುಗಳೊಬ್ಬರ ತೋಟದ ಬಾವಿಯಲ್ಲಿ ಈಜುಶಾಲೆ ತೆರೆಯಿತು. ಏಳು ಮಕ್ಕಳ ಪೈಕಿ ನಾಲ್ವರಿಗೂ ಈಜು ಬಾರದೆಂಬುದು ಆಗ ಬಯಲಾಯಿತು. ಮೌನವ್ರತ ನನ್ನೊಬ್ಬನದೇ ಆಗಿರಲಿಲ್ಲ. ಗುರುಸ್ಥಾನದಲ್ಲಿ ಅಕ್ಕನ ಮಗಳು. ನಮ್ಮ ಕಾಲದ ಸೋರೆಬುರುಡೆಗೆ ಬದಲಾಗಿ ಎಣ್ಣೆಯ ಖಾಲಿ ಡಬ್ಬಿಯನ್ನು ನನ್ನ ಬೆನ್ನಿಗೆ ಬಿಗಿದು, "ಕಾಲು ಬಡಿ ಮಾಮಾ, ಭಾಷಣ ಬ್ಯಾಡ" ಎಂದು ಅವಳು ಮೆಟ್ಟಿಲ ಮೇಲಿನಿಂದ ಗದರಿಸುತ್ತಾಳೆ. ಬಾವಿಕಟ್ಟೆಯ ಮೇಲೆ ಅಕ್ಕ ಹಗ್ಗ ಹಿಡಿದು ಕುಳಿತಿರುತ್ತಾಳೆ. ಯಾತ್ರೆಗೆ ತಾನೂ ಬರುವುದಾಗಿ ಈಗಾಗಲೇ ಸಾರಿಬಿಟ್ಟಿದ್ದಾಳೆ.

ಕಂಪ್ಲಿಯ ಅಜ್ಜನದೊಂದು ಷರತ್ತು: ದಡದ ಹತ್ತಿರ ಒಬ್ಬೊಬ್ಬರನ್ನಾಗಿ ಹರಿಗೋಲಿನಿಂದ ನೀರಿಗೆ ಇಳಿಸುತ್ತಾರೆ, ಈಜಿ ದಡ ಮುಟ್ಟಿದವರಿಗೆ ಮಾತ್ರ ಜಾಗ. ಅಳಿಯ ಪಟ್ಟಿಯನ್ನು ಹೊಸದಾಗಿ ಬರೆದು ಗೋಡೆಗೆ ಅಂಟಿಸಿದ್ದಾನೆ. ಏಳು ಹೆಸರುಗಳ ಮುಂದೆ ಗುರುತು ಬಿದ್ದಿದೆ. ಎಂಟನೆಯ ಹೆಸರಿನ ಮುಂದೆ, ಅರ್ಧ ಬಾವಿ ಎಂದು ಪೆನ್ಸಿಲಿನಲ್ಲಿ ಬರೆದಿದ್ದಾನೆ.