ಏರಿದ್ದು ಸುದ್ದಿ, ಬಿದ್ದದ್ದು ನಾಲ್ಕು ಸಾಲು

2023ರ ಅಕ್ಟೋಬರ್ ಕೊನೆಯಲ್ಲಿ ಡೆಸ್ಕ್‌ನಿಂದ ಫೋನ್ ಬಂತು. ‘ಈರುಳ್ಳಿ ರೇಟ್ ಏರಿದೆ, ಗ್ರಾಹಕರ ಮಾತು ಹಾಕಿ ಒಂದು ಸುದ್ದಿ ಕಳಿಸು’ ಅಂದರು. ಗದಗಿನ ಮಾರುಕಟ್ಟೆಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿದೆ. ಕೈಚೀಲ ಹಿಡಿದು ನಿಂತ ಅಕ್ಕನೊಬ್ಬಳ ಫೋಟೊ ತೆಗೆದು ಕಳಿಸಿದೆ. ಮರುದಿನ ದೊಡ್ಡ ತಲೆಬರಹದಲ್ಲಿ ಬಂತು. ಆ ಹೊತ್ತಿಗೆ ನಮ್ಮ ಹೊಲದಲ್ಲೂ ಎರಡು ಎಕರೆ ಉಳ್ಳಾಗಡ್ಡಿ ಇತ್ತು. ಬೆಳೆದವರ ಒಂದು ಮಾತನ್ನೂ ನಾನು ಸುದ್ದಿಯಲ್ಲಿ ಹಾಕಿರಲಿಲ್ಲ.

ಆ ವರ್ಷ ಬರ. ಮಳೆ ಕೈಕೊಟ್ಟು ನಮ್ಮ ಬಿತ್ತನೆ ತಡವಾಗಿತ್ತು, ಇಳುವರಿ ಅರ್ಧಕ್ಕೆ ಇಳಿದಿತ್ತು. ಮಾಲು ಕಡಿಮೆ ಆದದ್ದಕ್ಕೇ ಬೆಲೆ ಏರಿತ್ತು. ಬೆಳೆ ಹೋದರೂ ಬೆಲೆಯಾದರೂ ಕೈಹಿಡಿಯುತ್ತದೆ ಅಂತ ಅಪ್ಪ ಲೆಕ್ಕ ಹಾಕಿದ್ದ.

ದಿಲ್ಲಿಯ ಲೆಕ್ಕ ಬೇರೆ ಇತ್ತು. ಆಗಸ್ಟ್‌ನಲ್ಲೇ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿದ್ದರು. ಅಕ್ಟೋಬರ್ ಕೊನೆಗೆ, ಟನ್‌ಗೆ 800 ಡಾಲರ್‌ಗಿಂತ ಕಡಿಮೆಗೆ ಹೊರದೇಶಕ್ಕೆ ಮಾರುವಂತಿಲ್ಲ ಅಂದರು. ಡಿಸೆಂಬರ್ 8ಕ್ಕೆ ರಫ್ತೇ ಬಂದ್. ನಮ್ಮೂರ ಉಳ್ಳಾಗಡ್ಡಿ ಹಡಗು ಹತ್ತುವುದಿಲ್ಲ, ನಿಜ. ಆದರೆ ಬಾಂಗ್ಲಾದೇಶ, ಮಲೇಷ್ಯಾಕ್ಕೆ ಹೋಗಬೇಕಾದ ಮಹಾರಾಷ್ಟ್ರದ ಮಾಲು ಇಲ್ಲೇ ಉಳಿದರೆ ಎಲ್ಲ ಕಡೆ ದರ ಬೀಳುತ್ತದೆ.

ಅಪ್ಪ ಲಾರಿಯಲ್ಲಿ ಬೆಂಗಳೂರಿಗೆ ಮಾಲು ಒಯ್ದದ್ದು ಅದರ ಮರುವಾರ. ಓಣಿಯವರಿಗೆ ಹಿಂದಿನ ವಾರ ಸಿಕ್ಕ ದರದ ಅರ್ಧ ಸಿಕ್ಕಿತು. ಬಾಡಿಗೆ, ಹಮಾಲಿ, ಚೀಲ, ಕೂಲಿ ಕಳೆದ ಮೇಲೆ ಬೀಜ, ಗೊಬ್ಬರದ ಸಾಲ ತೀರಲಿಲ್ಲ. ಪಟ್ಟಿ ನನ್ನ ಮುಂದಿಟ್ಟು, ‘ತಮ್ಮಾ, ರೇಟ್ ಏರಿದ್ದು ಬರದಿ. ಬಿದ್ದದ್ದು ಯಾವಾಗ ಬರೀತಿ?’ ಅಂದ.

ಬರೆದು ಕಳಿಸಿದೆ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು.

ಗೆಳೆಯನೊಬ್ಬ ಕೇಳಿದ: ‘ಬಿದ್ದಾಗ ಸರ್ಕಾರ ಖರೀದಿ ಮಾಡ್ಲಿ ಅಂತೀರಿ, ಏರಿದಾಗ ಕೈ ಹಾಕಬ್ಯಾಡ ಅಂತೀರಿ. ಎರಡೂ ಹೆಂಗ ನಡೀತೈತಿ?’ ಉತ್ತರ ಹೊಳೆಯಲಿಲ್ಲ. ಅಪ್ಪನನ್ನು ಕೇಳಿದೆ. ‘ಎರಡೂ ಬ್ಯಾಡ. ಬಿದ್ದದ್ದು ನಾವ ತಿಂತೀವಿ, ಏರಿದ್ದೂ ನಮಗ ಬಿಡ್ಲಿ’ ಅಂದ. ಎಲ್ಲ ರೈತರೂ ಇದಕ್ಕೆ ಒಪ್ಪಲಿಕ್ಕಿಲ್ಲ. ನನಗಂತೂ ಇದು ನ್ಯಾಯ ಅನ್ನಿಸುತ್ತದೆ.

ಮಾರುಕಟ್ಟೆಯ ಆ ಅಕ್ಕನ ಕಷ್ಟವೂ ಸುಳ್ಳಲ್ಲ. ಬೇಸಿಗೆಯಲ್ಲಿ ನಮ್ಮವ್ವನೂ ಉಳ್ಳಾಗಡ್ಡಿ ಕೊಂಡೇ ತರುತ್ತಾಳೆ. ಬಡವರಿಗೆ ನೆರವು ಬೇಕಾದರೆ ಸರ್ಕಾರ ಖಜಾನೆಯಿಂದ ಕೊಡಲಿ. ಆಗ ಆ ಖರ್ಚನ್ನು ದೇಶವೆಲ್ಲ ಹೊರುತ್ತದೆ. ರಫ್ತು ನಿಲ್ಲಿಸಿದರೆ ಬೆಳೆದವನೊಬ್ಬನೇ ಹೊರುತ್ತಾನೆ, ಬಂಗಲೆಯವರಿಗೂ ಅಗ್ಗದ ಈರುಳ್ಳಿ ಸಿಗುತ್ತದೆ.

ರಫ್ತು ಮತ್ತೆ ಬಿಟ್ಟದ್ದು 2024ರ ಮೇ 4ಕ್ಕೆ. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಅಪ್ಪನ ಮಾಲು ಅಷ್ಟರಲ್ಲಿ ಯಾರದೋ ಸಾರಿನಲ್ಲಿ ಕರಗಿ ಹೋಗಿತ್ತು. ಬಿತ್ತುವ ದಿನ ಇದ್ದ ನಿಯಮ ಮಾರುವ ದಿನವೂ ಇರಲಿ. ಆಕಾಶ ನೋಡಿ ಬಿತ್ತುವುದು ನಮಗೆ ರೂಢಿ ಇದೆ, ದಿಲ್ಲಿ ನೋಡಿ ಬಿತ್ತುವುದು ಹೇಗೆ?

ಈಗ ಡೆಸ್ಕ್‌ನವರು ಬೆಲೆ ಏರಿದ ಸುದ್ದಿ ಕೇಳಿದರೆ ಮಾರುಕಟ್ಟೆಯಿಂದ ಹೊಲಕ್ಕೂ ಹೋಗುತ್ತೇನೆ. ‘ಹೋದ ವರ್ಷ ಎಷ್ಟಕ್ಕೆ ಕೊಟ್ರಿ?’ ಅಂತ ಕೇಳುತ್ತೇನೆ. ನಿಮ್ಮಲ್ಲೂ ಆ ಡಿಸೆಂಬರಿನ ಪಟ್ಟಿ ಇದ್ದರೆ ಎಸೆಯಬೇಡಿ. ಒಂದು ಫೋಟೊ ತೆಗೆದು ಕಳಿಸಿ, ಬರೆಯುತ್ತೇನೆ.