ಜಗಳೂರಿನ ಓಟದ ಬಂಡಿ

ದಾವಣಗೆರೆ ಜಿಲ್ಲೆಯು 1997ನೆಯ ಇಸವಿಯ ಆಗಸ್ಟ್ 15ರಂದು ಹುಟ್ಟಿದುದು. ಅದುವರೆಗೆ ಶಿವಮೊಗ್ಗೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರೂ ಒಂದೇ ಕಚೇರಿಯ ಕೆಳಗೆ ಬಂದುವು. ನ್ಯಾಮತಿಯು ಇತ್ತೀಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾನೂ ಒಂದು ತಾಲ್ಲೂಕೆನಿಸಿಕೊಂಡಿತು. ಕಾಗದದ ಮೇಲೆ ನಾಲ್ವರೂ ದಾಯಾದಿಗಳು. ನೆಲದ ಮೇಲೆ ಒಬ್ಬರ ಮುಖ ಒಬ್ಬರಿಗಿಲ್ಲ. ಚನ್ನಗಿರಿಯದು ಅಡಕೆಯ ನೆರಳು, ಹೊನ್ನಾಳಿಯದು ತುಂಗಭದ್ರೆಯ ದಡ. ನ್ಯಾಮತಿಯು ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಕೈ ಬದಲಾಯಿಸುತ್ತಿದ್ದ ಪೇಟೆ. ಜಗಳೂರಾದರೋ ಮಳೆಯ ದಾರಿ ನೋಡುವ ಒಣ ಸೀಮೆ. ಕೊಂಡುಕುರಿಯೆಂಬ ನಾಲ್ಕು ಕೊಂಬಿನ ಹುಲ್ಲೆಯು ಇನ್ನೂ ಉಳಿದಿರುವ ರಂಗಯ್ಯನದುರ್ಗದ ಕಾಡು ಅಲ್ಲಿಯೇ ಇರುವುದು. ಇಂತಹ ಊರುಗಳನ್ನು ಹಿಂದೆ ಒಂದಕ್ಕೊಂದು ಹೊಲಿದಿದ್ದ ದಾರವು ಎತ್ತಿನ ಬಂಡಿ.

ಕಳೆದ ಮಾಘಮಾಸದಲ್ಲಿ ನಾವು ಈ ನಾಲ್ಕು ಊರುಗಳನ್ನೂ ಸುತ್ತಿ ಬಂದುದು ಬಂಡಿಯ ನಿಮಿತ್ತವಾಗಿಯೇ. ಕಾರಣವು ಸ್ವಲ್ಪ ವಿಚಿತ್ರವಾದುದರಿಂದ ವಾಚಕರಿಗೆ ಅದನ್ನು ಮೊದಲೇ ಅರಿಕೆ ಮಾಡುವೆವು.

ನಮ್ಮ ಅಕ್ಕನ ಮೊಮ್ಮಗನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವನು. ವಾಹನಗಳ ಕಿರುಪ್ರತಿಮೆಗಳನ್ನು ಮಾಡುವುದು ಅವನ ಹುಚ್ಚು. ಅಮೆರಿಕೆಯಲ್ಲಿ ಡ್ರ್ಯಾಗ್ ಓಟವೆಂಬುದೊಂದುಂಟು. ಎರಡು ಮೋಟಾರುಗಳು ಅಕ್ಕಪಕ್ಕದಲ್ಲಿ ನಿಂತು, ದೀಪದ ಸನ್ನೆಯಾದೊಡನೆ ಕಾಲು ಮೈಲಿ, ಎಂದರೆ 1320 ಅಡಿ, ನೆಟ್ಟಗೆ ಓಡುವುವು, ತಿರುವೆಂಬುದೇ ಇಲ್ಲ. ಆ ಓಟಕ್ಕೆ ನಿಯಮಗಳನ್ನು ಕಟ್ಟಿದ ರಾಷ್ಟ್ರೀಯ ಸಂಘವು 1951ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾಯಿತು. ಹುಡುಗನು ಅಂತಹ ಹಳೆಯ ಕಾರೊಂದನ್ನು ಇಪ್ಪತ್ತೈದರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ನಾಲ್ಕು ತಿಂಗಳು ಕುಳಿತು ಕಟ್ಟಿದನು. ಕೊಳವೆಗಳ ಉದ್ದವಾದ ಹಂದರ, ಮುಂದೆ ಸೈಕಲಿನಂತಹ ತೆಳು ಗಾಲಿ, ಹಿಂದೆ ಕಲ್ಲುಗುಂಡಿನಂತಹ ದಪ್ಪ ಗಾಲಿ, ಅವುಗಳಿಗೂ ಹಿಂದೆ ಚಾಲಕನ ಪೀಠ. ಇಂಜಿನಿನ ಎಂಟು ಉರುಳೆಗಳಿಗೂ ಹಳೆಯ ವೈರಿನೊಳಗಿನ ತಾಮ್ರದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಸಂಪರ್ಕ ಕೊಟ್ಟಿದ್ದನು. ಈ ಪ್ರಮಾಣದಲ್ಲಿ ಕಾಲು ಮೈಲಿಯು ಐವತ್ಮೂರು ಅಡಿಗೆ ಸ್ವಲ್ಪ ಕಡಿಮೆ. ನಮ್ಮ ಹಿತ್ತಲ ಬಾಗಿಲಿನಿಂದ ಬೀದಿಯ ಜಗಲಿಯವರೆಗೆ ಸರಿಯಾಗಿ ಹಿಡಿಯುವುದು.

ಅದನ್ನು ನೋಡಿ ನಾವು, “ಅಪ್ಪಾ, ನೆಟ್ಟಗೆ ಓಡುವ ವಾಹನ ನಮ್ಮಲ್ಲಿಯೂ ಉಂಟಷ್ಟೆ. ಅದನ್ನು ಯಾರು ಮಾಡುವರು?” ಎಂದೆವು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ತಂದೆಯ ಕೊಟ್ಟಿಗೆಯಲ್ಲಿ ಪೂರ್ತಿಯಾಗಿ ಮರದ ಗಾಲಿಯ ಓಟದ ಬಂಡಿಯೊಂದು ಇದ್ದುದು ನಮಗೆ ಗೊತ್ತಿತ್ತು. ವಿಚಾರಿಸಲಾಗಿ, ಗಾಲಿಗಳೆರಡೂ ಮಾರಾಟವಾಗಿದ್ದುವು. ಬೆಂಗಳೂರಿನ ವ್ಯಾಪಾರಿಯೊಬ್ಬನು ಹೋಟೆಲಿನ ಅಂಗಳದ ಶೃಂಗಾರಕ್ಕೆಂದು ಕೊಂಡು, ಮುಂಗಡವನ್ನೂ ಕೊಟ್ಟು, ಶಿವರಾತ್ರಿ ಕಳೆದೊಡನೆ ಲಾರಿ ತರುವೆನೆಂದು ಹೇಳಿ ಹೋಗಿದ್ದನು. ಮಿಕ್ಕ ಮರವು ನೀರೊಲೆಗೆ. ಅಷ್ಟರೊಳಗೆ ಅಳತೆ ತೆಗೆಯಬೇಕು. ಅಳತೆ ತೆಗೆಯುವುದಕ್ಕೆ ಮುಂಚೆ ಏನನ್ನು ಅಳೆಯಬೇಕೆಂದು ಬಲ್ಲವರಿಂದ ಕಲಿಯಬೇಕು. ಆದುದರಿಂದ ಹೊರಟೆವು.

ಚನ್ನಗಿರಿಯ ಕೋಟೆಯ ಗುಡ್ಡವು ಊರಿನ ಬೆನ್ನಿಗೇ ನಿಂತಿರುವುದು. ಮೇಲೆ ರಂಗನಾಥನ ಗುಡಿ, ಕೆಳಗೆ ಎತ್ತ ನೋಡಿದರೂ ಅಡಕೆ. ಸೂಳೆಕೆರೆಯನ್ನೂ ಸಂತೇಬೆನ್ನೂರಿನ ಪುಷ್ಕರಿಣಿಯನ್ನೂ ಕುರಿತು ಬರೆದವರು ಅನೇಕರಿರುವರಾದುದರಿಂದ ನಾವು ಅಲ್ಲಿ ನಿಲ್ಲುವುದಿಲ್ಲ. ನಮಗೆ ಬೇಕಾಗಿದ್ದುದು ಬಡಗಿಯ ಮನೆ. ಎಂಬತ್ತನ್ನು ದಾಟಿದ ಆ ಆಚಾರ್ರು ಬಂಡಿ ಕಟ್ಟುವುದನ್ನು ಬಿಟ್ಟು ಇಪ್ಪತ್ತು ವರ್ಷಗಳಾದುವಂತೆ. ಮಕ್ಕಳು ಬಾಗಿಲು ಕಿಟಕಿ ಮಾಡುವರು. “ಬರೆದಿಟ್ಟದ್ದು ಏನಾದರೂ ಉಂಟೇ ಆಚಾರ್ರೇ?” ಎಂದು ಕೇಳಿದೆವು. “ಬರೆಯೋದ್ಯಾಕೆ ಮೇಷ್ಟ್ರೇ, ಕೈಗೆ ಗೊತ್ತಿತ್ತಲ್ಲ” ಎಂದರು. ಆ ಕೈ ಈಗ ನಡುಗುತ್ತದೆ.

ಆದರೂ ಆ ದಿನ ಅವರಿಂದ ಕಲಿತುದು ಬಹಳ. ಗುಂಬಕ್ಕೆ ಕರಿಜಾಲಿ, ಮೊಳೆಯಂತೆ ಹನ್ನೆರಡು ಕಡೆ ತೂತು ಕೊರೆದರೂ ಸೀಳದು. ಅಚ್ಚಿಗೆ ದಿಂಡಿಗ. ಈ ಮರವನ್ನು ಇಂಗ್ಲಿಷಿನವರು ತಮ್ಮ ಭಾಷೆಯಲ್ಲಿ ‘ಅಚ್ಚಿನ ಮರ’ವೆಂದೇ ಕರೆದಿರುವರು. ನೊಗಕ್ಕೆ ಹಗುರವಾದುದು; ಎತ್ತಿನ ಹೆಗಲಿಗೆ ಭಾರ ಹೊರಿಸಿ ಓಟ ಬೇಡುವುದು ಮೂರ್ಖತನವೆಂದು ಅವರ ಮತ. ಅರಗಳು ಗುಂಬದಿಂದ ನೆಟ್ಟಗೆ ಹೊರಡಲಾರವು, ತುಸು ಹೊರಕ್ಕೆ ವಾಲಿರುವುವು. ಚಕ್ರವು ಅಗಲವಾದ ತಟ್ಟೆಯಂತೆ ಒಂದು ಮಗ್ಗುಲು ತಗ್ಗಾಗಿರುವುದು. ಬಂಡಿಯು ಓಲಾಡಿದಾಗ ಪಕ್ಕಕ್ಕೆ ಬೀಳುವ ಪೆಟ್ಟನ್ನು ಈ ತಗ್ಗು ತಡೆಯುವುದು. ನಾವು ಬಾಲ್ಯದಿಂದ ಬಂಡಿಯಲ್ಲಿ ಕುಳಿತವರು. ಈ ತಗ್ಗನ್ನು ಕಣ್ಣಿಟ್ಟು ನೋಡಿದುದು ಅಂದೇ.

ಕಿರುಪ್ರತಿಮೆಗೂ ಅದೇ ಮರಗಳು ಬೇಕೆಂದು ಹುಡುಗನ ಹಟ. ಆಚಾರ್ರು ನಕ್ಕುಬಿಟ್ಟರು. ಅಳತೆಯನ್ನು ಹನ್ನೆರಡು ಪಾಲು ಕುಗ್ಗಿಸಬಹುದು. ಮರದ ಎಳೆಯನ್ನು ಕುಗ್ಗಿಸುವವರು ಯಾರು? ಜಾಲಿಯ ದಪ್ಪ ಎಳೆಯು ಅಷ್ಟು ಸಣ್ಣ ಅರದಲ್ಲಿ ಹಗ್ಗದಂತೆ ಕಾಣುವುದು. ಚನ್ನಪಟ್ಟಣದವರು ಬೊಂಬೆ ಕಡೆಯುವ ಹಾಲೆಮರವನ್ನು ಹಿಡಿಯಿರಿ, ಅಚ್ಚಿಗೆ ಮಾತ್ರ ದಿಂಡಿಗವಿರಲಿ ಎಂದು ಅಪ್ಪಣೆಯಾಯಿತು. ಒಂದು ಮೊಳದ ದಿಂಡಿಗದ ತುಂಡನ್ನು ತಮ್ಮ ಅಟ್ಟದಿಂದ ತೆಗೆಸಿಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಹೊನ್ನಾಳಿಯಲ್ಲಿ ಹೊಳೆ ಬತ್ತಿರಲಿಲ್ಲ. ಸೇತುವೆಯ ಮೇಲೆ ನಾವು ನಿಂತ ಅರ್ಧ ಗಂಟೆಯಲ್ಲಿ ಟ್ರಾಕ್ಟರುಗಳು ಹತ್ತಾರು ಹೋದುವು, ಬಂಡಿ ಒಂದೂ ಬರಲಿಲ್ಲ. ಆದರೆ ಎತ್ತು ಹೋರಿಗಳ ಮೇಲಣ ಅಭಿಮಾನ ಆ ಸೀಮೆಯಲ್ಲಿ ಸತ್ತಿಲ್ಲ. ದೀಪಾವಳಿ ಕಳೆದ ಮೇಲೆ ಹೊನ್ನಾಳಿ ನ್ಯಾಮತಿಗಳ ಕಡೆ ಹೋರಿ ಬೆದರಿಸುವ ಹಬ್ಬ ನಡೆಯುವುದು. ಕೊಬ್ಬರಿಯ ಸರ ಕಟ್ಟಿದ ಹೋರಿಯು ಜನರ ನಡುವೆ ಬಾಣದಂತೆ ಹಾಯುವುದು. ಅದಕ್ಕೆ ಬಂಡಿ ಇಲ್ಲ. ಬಂಡಿಯ ಓಟಕ್ಕೆ ಈಗ ಬರುವುವು ಬಹುಮಟ್ಟಿಗೆ ಕಬ್ಬಿಣದ ಹಂದರದ, ರಬ್ಬರಿನ ಸಣ್ಣ ಗಾಲಿಯ ಹಗುರ ಗಾಡಿಗಳು. ಅಂತಹುದೊಂದನ್ನು ಅಲ್ಲಿ ಅಳೆದು ಅಭ್ಯಾಸ ಮಾಡಿಕೊಂಡೆವು. ಅದರ ವೇಗವನ್ನು ನಾವು ಹಳಿಯಲಾರೆವು. ನೋಡಲು ಮಾತ್ರ ಮಂಚದ ಕಾಲು ಮುರಿದಂತಿತ್ತು.

ನ್ಯಾಮತಿಯ ಕುಲುಮೆಯಲ್ಲಿ ಪಾಠ ಬೇರೆ. ಐದಡಿ ಎತ್ತರದ ಗಾಲಿಯ ಸುತ್ತಳತೆಯು 188 ಅಂಗುಲಕ್ಕೆ ಮೇಲೆ. ಕಬ್ಬಿಣದ ಪಟ್ಟಿಯನ್ನು ಅದಕ್ಕಿಂತ ಸ್ವಲ್ಪ ಕಿರಿದಾಗಿ ಬೆಸೆದು, ಬೆರಣಿಯ ಬಳೆಯಲ್ಲಿ ಕೆಂಪಗೆ ಕಾಯಿಸುವರು. ಐನೂರು ಡಿಗ್ರಿ ಕಾವಿಗೆ ಅದು ಒಂದು ಅಂಗುಲಕ್ಕೂ ಹೆಚ್ಚು ಹಿಗ್ಗುವುದು. ಹಿಗ್ಗಿದಾಗ ಗಾಲಿಗೆ ಕೂರಿಸಿ ನೀರು ಹೊಯ್ದರೆ, ಆರುತ್ತ ಆರುತ್ತ ಕುಗ್ಗಿ, ಅರಗಳನ್ನೆಲ್ಲ ಗುಂಬದೊಳಕ್ಕೆ ಒತ್ತಿ, ಇಡೀ ಚಕ್ರವನ್ನು ಮುಷ್ಟಿಯಂತೆ ಹಿಡಿಯುವುದು. ಮೊಳೆ ಬೇಡ, ಅಂಟು ಬೇಡ. ಐದಂಗುಲದ ಪುಟ್ಟ ಗಾಲಿಯಲ್ಲಿ ಆ ಹಿಗ್ಗು ಅಂಗುಲದ ಹತ್ತನೆಯ ಒಂದು ಪಾಲೂ ಆಗದು. ಅಷ್ಟರಲ್ಲಿಯೇ ಕೈಚಳಕ ಸಾಗಬೇಕು. ಕಮ್ಮಾರನು ಹುಡುಗನಿಗೆ ತೆಳುಪಟ್ಟಿಯನ್ನು ಕೊಟ್ಟು, “ನೀರು ತಡ ಮಾಡಿದ್ರೆ ಮರ ಸುಡ್ತದೆ, ಬೇಗ ಹಾಕಿದ್ರೆ ಬಳೆ ಓರೆ ಆಗ್ತದೆ. ಹೇಳಿಕೊಟ್ರೆ ಬರೋದಲ್ಲ, ನಾಲ್ಕು ಗಾಲಿ ಕೆಡಿಸಪ್ಪ” ಎಂದನು. ಅವನ ಲೆಕ್ಕ ಸರಿಯಾಯಿತು. ಹುಡುಗನು ಮನೆಯ ಒಲೆಯ ಮೇಲೆ ಕೆಡಿಸಿದುದು ಸರಿಯಾಗಿ ನಾಲ್ಕು.

ಜಗಳೂರಿಗೆ ಹೋಗುವಷ್ಟರಲ್ಲಿ ಶಿವರಾತ್ರಿಗೆ ಆರೇ ದಿನ. ಕೊಟ್ಟಿಗೆಯ ಮೂಲೆಯಲ್ಲಿ ಮೆಕ್ಕೆಜೋಳದ ದಂಟಿನ ಕೆಳಗೆ ಬಂಡಿಯು ಮೂಕಿಯನ್ನು ನೆಲಕ್ಕೂರಿ ಮಲಗಿತ್ತು. ಯಜಮಾನರು ದಂಟನ್ನು ತಾವೇ ಸರಿಸಿದರು. ಅಂದು ಬೆಳಗಿನಿಂದ ಸಂಜೆಯವರೆಗೆ ಅಳೆದೆವು. ಹುಡುಗನು ಹೇಳುವನು, ನಾವು ಬರೆಯುವೆವು. ಗಾಲಿಯ ಎತ್ತರ ಐದಡಿ, ಅರ ಹನ್ನೆರಡು, ನೊಗ ಐದಡಿ ಮೂರಂಗುಲ.

ನೊಗದ ಅಳತೆಯನ್ನು ಬರೆಯುವಾಗ ನಮಗೆ ಆಪಸ್ತಂಬರ ಶುಲ್ಬಸೂತ್ರವು ನೆನಪಾಯಿತು. ಯಜ್ಞವೇದಿಯೊಂದನ್ನು ರಥದ ಅಳತೆಯಿಂದ ಹಾಕಬೇಕೆಂದು ಹೇಳುತ್ತ ಅವರು ಈಷೆಗೆ 188, ಅಕ್ಷಕ್ಕೆ 104, ಯುಗಕ್ಕೆ 86 ಅಂಗುಲಗಳೆಂದು ಗೊತ್ತುಮಾಡಿರುವರು. ಆ ಅಂಗುಲವನ್ನು ಈಗಿನ ಮುಕ್ಕಾಲು ಅಂಗುಲವೆಂದು ಹಿಡಿದರೆ ಯುಗವು ಐದಡಿ ನಾಲ್ಕೂವರೆ ಅಂಗುಲ. ಜಗಳೂರಿನ ನೊಗಕ್ಕೂ ಅದಕ್ಕೂ ಒಂದೂವರೆ ಅಂಗುಲವೇ ಅಂತರ! ಇದರಲ್ಲಿ ಪವಾಡವೇನೂ ಇಲ್ಲ. ಎರಡು ಪ್ರಾಣಿಗಳು ಹೆಗಲಿಗೆ ಹೆಗಲು ತಾಗದೆ ನಿಲ್ಲಲು ಎಷ್ಟು ಬೇಕೋ ಅಷ್ಟೇ ನೊಗ. ಅಕ್ಷವಾದರೋ ರಥದಲ್ಲಿ ಆರೂವರೆ ಅಡಿ, ಈ ಬಂಡಿಯಲ್ಲಿ ಅದಕ್ಕಿಂತ ಒಂದಡಿ ಕಡಿಮೆ. ಚಕ್ರದ ತುದಿಗೆ ಹಾಕುವ ಕೀಲನ್ನು ವೇದದಲ್ಲಿ ಆಣಿಯೆಂದು ಹೇಳಿದೆ. ಯಜಮಾನರು ಅದನ್ನೇ ಕಿತ್ತು ತೋರಿಸುತ್ತ “ಇದು ಕಡಾಣಿ” ಎಂದಾಗ, ನಾವು ಮೂವತ್ತು ವರ್ಷ ಪಾಠ ಹೇಳಿದ ಶಬ್ದವು ಅಂಗೈ ಮೇಲೆ ತಣ್ಣಗೆ ಕುಳಿತಿತು.

ಬಂಡಿಯೊಳಗೆ ಬಾರುಕೋಲೂ ಇತ್ತು. ತುದಿಯಲ್ಲಿ ಚೂಪಾದ ಮೊಳೆ. ಹುಡುಗನು ಅದನ್ನು ಹಿಡಿದು ಸುಮ್ಮನಾದನು. “ಅಜ್ಜಾ, ಇದನ್ನೂ ಮಾಡಬೇಕೋ?”

ಸುಪ್ರೀಂ ಕೋರ್ಟು 2014ನೆಯ ಮೇ ತಿಂಗಳಿನಲ್ಲಿ ಜಲ್ಲಿಕಟ್ಟನ್ನೂ ಎತ್ತಿನ ಬಂಡಿಯ ಓಟವನ್ನೂ ನಿಷೇಧಿಸಿದುದು ಇಂತಹ ಹಿಂಸೆಯ ಕಾರಣದಿಂದಲೇ. ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಬಂಡಿಯ ಓಟಕ್ಕೂ ಅವಕಾಶ ಮಾಡಿತು. 2023ನೆಯ ಮೇ 18ರಂದು ಅದೇ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಮೆರಿಕೆಯ ಕಥೆಯನ್ನು ಹುಡುಗನೇ ನಮಗೆ ಹೇಳಿದ್ದನು. 1970ರ ಮಾರ್ಚಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಚಾಲಕನ ಕಾರಿನ ಯಂತ್ರಭಾಗವು ಓಟದಲ್ಲಿ ಸಿಡಿದು, ಅವನ ಬಲಪಾದದ ಒಂದು ಪಾಲು ಹೋಯಿತು. ಅವನು ಮರುವರ್ಷವೇ ಇಂಜಿನನ್ನು ಬೆನ್ನ ಹಿಂದೆ ಇಟ್ಟ ಹೊಸ ಕಾರಿನಲ್ಲಿ ಗೆದ್ದನು. ಬರಬರುತ್ತ ಎಲ್ಲರೂ ಹಾಗೆಯೇ ಕಟ್ಟಿದರು. ನೋವು ತಿಂದವನೇ ವಾಹನ ಕಟ್ಟುವವನೂ ಆದುದರಿಂದ ವಾಹನದ ಆಕಾರವೇ ಬದಲಾಯಿತು. ಎತ್ತಿಗೆ ಬಂಡಿ ಕಟ್ಟಲು ಬಾರದು. ಅದರ ಪರವಾಗಿ ನ್ಯಾಯಾಲಯವೇ ಮಾತಾಡಬೇಕಾಯಿತು.

ಬಾರುಕೋಲನ್ನು ಬಿಡಕೂಡದೆಂದು ನಾವು ಹೇಳಿದೆವು. ಇದ್ದುದನ್ನು ಇಲ್ಲವೆನಿಸಿದರೆ ಪ್ರತಿಮೆಯು ಸುಳ್ಳು ಹೇಳಿದಂತೆ. ಯಜಮಾನರಿಗೆ ಇದು ಹಿಡಿಸಲಿಲ್ಲ. “ನಮ್ಮ ಎತ್ತಿಗೆ ಅದನ್ನ ತಾಗಿಸಿದ್ದು ನಾನು ಕಾಣೆ, ಕೋಲು ನಮ್ಮಪ್ಪನ ಕಾಲದ್ದು” ಎಂದು ಮುಖ ತಿರುಗಿಸಿದರು. ಕೊನೆಗೆ, ಕೋಲನ್ನು ಮಾಡಿ ಬಂಡಿಯ ತಳದಲ್ಲಿ ಮಲಗಿಸುವುದೆಂದೂ ಯಾರ ಕೈಗೂ ಕೊಡುವುದಿಲ್ಲವೆಂದೂ ತೀರ್ಮಾನವಾಯಿತು.

ಹೊರಡುವ ಮುಂಚೆ ಅವರು ಗಾಲಿಯನ್ನು ಎರಡು ಕೈಯಿಂದಲೂ ಹಿಡಿದು ಒಳಕ್ಕೂ ಹೊರಕ್ಕೂ ಆಡಿಸಿ ತೋರಿಸಿದರು. ಗುಂಬಕ್ಕೂ ಕಡಾಣಿಗೂ ನಡುವೆ ಕಾಲು ಅಂಗುಲ ಸಡಿಲ. “ಇದನ್ನ ಬರ್ಕೊಂಡ್ರಾ? ಇದು ಇಲ್ದಿದ್ರೆ ಬಂಡಿ ಮಾತಾಡಲ್ಲ. ಓಟದ ದಿನ ಅರ್ಧ ಹರದಾರಿಯಿಂದ ಸದ್ದು ಕೇಳಿಯೇ ಯಾರ ಬಂಡಿ ಅಂತ ಹೇಳ್ತಿದ್ವಿ.”

ಲಾರಿಯು ಶಿವರಾತ್ರಿಯ ಮೂರನೆಯ ದಿನ ಬಂದು ಗಾಲಿಗಳನ್ನು ಒಯ್ದಿತೆಂದು ಕಾಗದ ಬಂದಿತು. ಕಡಾಣಿಗಳೆರಡನ್ನೂ ಯಜಮಾನರು ಕೊಡಲಿಲ್ಲವಂತೆ. ವ್ಯಾಪಾರಿಗೆ ಅವುಗಳ ಅವಶ್ಯಕತೆಯೂ ಇರಲಿಲ್ಲ. ಕಿರುಬಂಡಿಯು ಚೈತ್ರದ ಹೊತ್ತಿಗೆ ಒಂದು ರೂಪಕ್ಕೆ ಬಂದಿತು. ಹನ್ನೆರಡರಲ್ಲಿ ಒಂದು ಪಾಲಾದ ವಸ್ತುವಿನ ತೂಕವು 1728ರಲ್ಲಿ ಒಂದು ಪಾಲು. 300 ಕಿಲೋ ತೂಗುವ ಬಂಡಿಯು 174 ಗ್ರಾಮಿಗೆ ಇಳಿದಂತೆ. ಅಷ್ಟು ಹಗುರವಾದುದು ತಾನಾಗಿ ಸದ್ದು ಮಾಡಲಾರದು. ಕಾಲು ಅಂಗುಲದ ಸಡಿಲವು ಈ ಪ್ರಮಾಣದಲ್ಲಿ ಅಂಗುಲದ ನಲವತ್ತೆಂಟನೆಯ ಒಂದು ಪಾಲು. ಹುಡುಗನು ದಿಂಡಿಗದ ಅಚ್ಚಿನ ತುದಿಯನ್ನು ಮರಳುಕಾಗದದಿಂದ ಉಜ್ಜುವುದು, ಗಾಲಿ ತೊಡಿಸುವುದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಮತ್ತೆ ಬಿಚ್ಚಿ ಉಜ್ಜುವುದು, ಹೀಗೆ ನಡೆದಿದೆ. ನಿನ್ನೆ ರಾತ್ರಿ ಸಣ್ಣದಾಗಿ ಟಕ್ಕೆಂದಿತು.